ಏಳದ ಮಣಿಕಟ್ಟು, ನೆಟ್ಟಗಾಗದ ಬೆರಳು: ಮುಂಗೈ ಹಿಂಬದಿಯ ಸ್ನಾಯುಗಳಲ್ಲಿ ದೋಷ ಹುಡುಕುವ ಕ್ರಮ

ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು ಈ ಬರಹದಲ್ಲಿ ಮುಂಗೈ ಎಂದು ಕರೆದಿದ್ದೇನೆ. ಅದರ ಹಿಂಬದಿಯಲ್ಲಿ ಹನ್ನೆರಡು ಸ್ನಾಯುಗಳಿವೆ. ಮಣಿಕಟ್ಟನ್ನು ಮೇಲೆತ್ತುವುದು, ಬೆರಳುಗಳನ್ನು ಚಾಚುವುದು, ಹೆಬ್ಬೆರಳನ್ನು ಹೊರಕ್ಕೂ ಹಿಂದಕ್ಕೂ ಸರಿಸುವುದು, ಅಂಗೈಯನ್ನು ಮೇಲ್ಮುಖವಾಗಿ ಹೊರಳಿಸುವುದು ಇವುಗಳ ಕೆಲಸ. ಇಲ್ಲಿ ದೋಷ ಕಾಣಿಸಿಕೊಂಡವರು ಹೇಳುವ ಮಾತು ಬಹುತೇಕ ಎರಡರಲ್ಲೊಂದಾಗಿರುತ್ತದೆ: ಒಂದೋ ಕೈ ಏಳುತ್ತಿಲ್ಲ, ಇಲ್ಲವೇ ಕೈ ನೋಯುತ್ತಿದೆ. ನೋವಿನಿಂದಾಗಿ ಎತ್ತಲು ಹಿಂಜರಿಯುವ ಕೈಗೂ ನೋವೇ ಇಲ್ಲದೆ ಜೋತುಬಿದ್ದ ಕೈಗೂ ಕಾರಣಗಳು ಬೇರೆಯಾದ್ದರಿಂದ ಈ ಎರಡು ದೂರುಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು.

ಪರೀಕ್ಷಿಸುವವರು ಸಹಜವಾಗಿಯೇ ಕೆಟ್ಟಿರುವ ಚಲನೆಯ ಮೇಲೆ ಕಣ್ಣಿಡುತ್ತಾರೆ. ಆದರೆ ದೋಷದ ಜಾಗವನ್ನು ನಿಖರವಾಗಿ ತೋರಿಸುವುದು ಇನ್ನೂ ಉಳಿದುಕೊಂಡಿರುವ ಚಲನೆ. ಈ ಸ್ನಾಯುಗಳನ್ನೆಲ್ಲ ಆಡಿಸುವ ರೇಡಿಯಲ್ ನರ ಮೇಲಿನಿಂದ ಕೆಳಗೆ ಇಳಿಯುತ್ತ ಒಂದೊಂದೇ ಸ್ನಾಯುವಿಗೆ ಕವಲು ಕೊಡುತ್ತ ಹೋಗುವುದರಿಂದ, ಯಾವ ಸ್ನಾಯುವಿನವರೆಗೆ ಕೆಲಸ ಸರಿಯಾಗಿದೆಯೋ ಅದರ ಕವಲು ಹೊರಡುವ ಜಾಗದವರೆಗೆ ನರವೂ ಸರಿಯಾಗಿದೆ ಎಂದು ತಿಳಿಯಬಹುದು. ಮುಂದಿನ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಈ ಒಂದು ಲೆಕ್ಕದ ಮೇಲೆಯೇ ನಿಂತಿವೆ.

ಪರೀಕ್ಷೆಗೆ ಮೊದಲು ಒಂದು ಎಚ್ಚರಿಕೆ. ಮೂಳೆ ಮುರಿದ, ಜಜ್ಜಿದ ಅಥವಾ ಬಿಗಿಯಾಗಿ ಪ್ಲಾಸ್ಟರ್ ಹಾಕಿದ ಕೈಯಲ್ಲಿ ನೋವು ಗಾಯದ ಪ್ರಮಾಣವನ್ನು ಮೀರಿ ಏರುತ್ತಿದ್ದರೆ, ಮುಂಗೈ ಹಿಂಬದಿ ಹಲಗೆಯಂತೆ ಬಿಗಿದುಕೊಂಡಿದ್ದರೆ, ಮತ್ತು ಬೇರೆಯವರು ಬೆರಳುಗಳನ್ನು ಮೆಲ್ಲನೆ ಮಡಿಸಿದರೂ ನೋವು ತಡೆಯಲಾಗದಂತಿದ್ದರೆ, ಅದು ಸ್ನಾಯುಗಳ ಗುಂಪನ್ನು ಸುತ್ತುವರಿದ ಗಟ್ಟಿ ಪೊರೆಯೊಳಗೆ ಒತ್ತಡ ಏರಿ ರಕ್ತಸಂಚಾರ ನಿಲ್ಲುತ್ತಿರುವ ಲಕ್ಷಣ. ನಾಡಿ ಸಿಗುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಏಕೆಂದರೆ ಈ ಸ್ಥಿತಿಯಲ್ಲಿ ನಾಡಿ ಬಹಳ ಹೊತ್ತು ಉಳಿದಿರುತ್ತದೆ. ರಕ್ತ ಸಿಗದ ಸ್ನಾಯು ಸುಮಾರು 6 ಗಂಟೆಗಳಲ್ಲಿ ಸರಿಪಡಿಸಲಾಗದಷ್ಟು ಹಾಳಾಗುತ್ತದೆ. ಇಂಥ ಕೈಗೆ ಈ ಕೈಪಿಡಿಯ ಉಳಿದ ಭಾಗ ಅನ್ವಯಿಸುವುದಿಲ್ಲ. ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು.

ನಕ್ಷೆ

ಹನ್ನೆರಡರಲ್ಲಿ ಏಳು ಸ್ನಾಯುಗಳು ಮೇಲ್ಪದರದಲ್ಲಿವೆ. ಹೆಬ್ಬೆರಳ ಬದಿಯಿಂದ ಹೊರಟರೆ ಮೊದಲು ಸಿಗುವುದು ಬ್ರೇಕಿಯೋರೇಡಿಯಾಲಿಸ್. ಚಾಚುವ ಸ್ನಾಯುಗಳ ಗುಂಪಿನಲ್ಲಿದ್ದುಕೊಂಡು, ಅವುಗಳ ನರವನ್ನೇ ಹಂಚಿಕೊಂಡು, ಮೊಣಕೈಯನ್ನು ಮಡಿಸುವ ವಿಚಿತ್ರ ಸ್ನಾಯು ಇದು. ಅದರ ಪಕ್ಕದಲ್ಲಿ ಮಣಿಕಟ್ಟನ್ನು ಎತ್ತುವ ಜೋಡಿ ಇದೆ: ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಲಾಂಗಸ್ ಮತ್ತು ಬ್ರೆವಿಸ್. ಲಾಂಗಸ್ ತೋರುಬೆರಳಿನ ಅಂಗೈಮೂಳೆಯ ಬುಡಕ್ಕೂ ಬ್ರೆವಿಸ್ ನಡುಬೆರಳಿನ ಅಂಗೈಮೂಳೆಯ ಬುಡಕ್ಕೂ ಅಂಟಿಕೊಳ್ಳುತ್ತವೆ. ಮುಂದೆ ನಾಲ್ಕು ಬೆರಳುಗಳಿಗೆ ರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹಂಚುವ ಎಕ್ಸ್‌ಟೆನ್ಸರ್ ಡಿಜಿಟೋರಮ್, ಕಿರುಬೆರಳಿಗೆ ಪ್ರತ್ಯೇಕವಾಗಿರುವ ಎಕ್ಸ್‌ಟೆನ್ಸರ್ ಡಿಜಿಟಿ ಮಿನಿಮಿ, ಮಣಿಕಟ್ಟನ್ನು ಕಿರುಬೆರಳ ಬದಿಯಿಂದ ಎತ್ತುವ ಎಕ್ಸ್‌ಟೆನ್ಸರ್ ಕಾರ್ಪಿ ಅಲ್ನಾರಿಸ್ ಬರುತ್ತವೆ. ಏಳನೆಯದಾದ ಆಂಕೋನಿಯಸ್ ಮೊಣಕೈಯ ಹಿಂದೆ ಇರುವ ಪುಟ್ಟ ತ್ರಿಕೋನ; ದೋಷ ಪತ್ತೆಯಲ್ಲಿ ಅದು ಅಪರೂಪಕ್ಕೆ ಲೆಕ್ಕಕ್ಕೆ ಬರುತ್ತದೆ.

ಬ್ರೆವಿಸ್, ಡಿಜಿಟೋರಮ್, ಡಿಜಿಟಿ ಮಿನಿಮಿ, ಕಾರ್ಪಿ ಅಲ್ನಾರಿಸ್ ಈ ನಾಲ್ಕೂ ಮೊಣಕೈಯ ಹೊರ ಉಬ್ಬಿನಿಂದ ಒಂದೇ ರಜ್ಜಾಗಿ ಹೊರಡುತ್ತವೆ. ಲಾಂಗಸ್ ಮತ್ತು ಬ್ರೇಕಿಯೋರೇಡಿಯಾಲಿಸ್ ಆ ಉಬ್ಬಿಗಿಂತ ಮೇಲೆ, ತೋಳುಮೂಳೆಯ ಹೊರ ಅಂಚಿನಿಂದ ಹೊರಡುತ್ತವೆ. ಈ ಸಣ್ಣ ವ್ಯತ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ.

ಆಳದ ಪದರದಲ್ಲಿ ಐದು ಸ್ನಾಯುಗಳಿವೆ. ಮುಂಗೈಯಲ್ಲಿ ಹೆಬ್ಬೆರಳ ಬದಿಗಿರುವ ರೇಡಿಯಸ್ ಮೂಳೆಯ ಮೇಲ್ಭಾಗವನ್ನು ಸುತ್ತಿಕೊಂಡ ಸುಪಿನೇಟರ್, ಹೆಬ್ಬೆರಳಿಗೆ ಹೋಗುವ ಆಬ್ಡಕ್ಟರ್ ಪೊಲ್ಲಿಸಿಸ್ ಲಾಂಗಸ್, ಎಕ್ಸ್‌ಟೆನ್ಸರ್ ಪೊಲ್ಲಿಸಿಸ್ ಬ್ರೆವಿಸ್ ಮತ್ತು ಎಕ್ಸ್‌ಟೆನ್ಸರ್ ಪೊಲ್ಲಿಸಿಸ್ ಲಾಂಗಸ್, ಕೊನೆಗೆ ತೋರುಬೆರಳಿಗೆ ಮೀಸಲಾದ ಎಕ್ಸ್‌ಟೆನ್ಸರ್ ಇಂಡಿಸಿಸ್. ಮಣಿಕಟ್ಟಿನ ಹಿಂಬದಿಯಲ್ಲಿ ಒಂದು ಗಟ್ಟಿ ಅಡ್ಡಪಟ್ಟಿ ಈ ರಜ್ಜುಗಳನ್ನು ಮೂಳೆಗೆ ಒತ್ತಿ ಹಿಡಿದು, ಅವುಗಳ ದಾರಿಯನ್ನು ಆರು ಓಣಿಗಳಾಗಿ ವಿಭಾಗಿಸುತ್ತದೆ. ಹೆಬ್ಬೆರಳ ಬದಿಯಿಂದ ಎಣಿಸಿದರೆ ಮೊದಲ ಓಣಿಯಲ್ಲಿ ಆಬ್ಡಕ್ಟರ್ ಲಾಂಗಸ್ ಮತ್ತು ಪೊಲ್ಲಿಸಿಸ್ ಬ್ರೆವಿಸ್, ಎರಡನೆಯದರಲ್ಲಿ ಮಣಿಕಟ್ಟನ್ನು ಎತ್ತುವ ರೇಡಿಯಾಲಿಸ್ ಜೋಡಿ, ಮೂರನೆಯದರಲ್ಲಿ ಪೊಲ್ಲಿಸಿಸ್ ಲಾಂಗಸ್ ಒಂದೇ, ನಾಲ್ಕನೆಯದರಲ್ಲಿ ಡಿಜಿಟೋರಮ್ ಮತ್ತು ಇಂಡಿಸಿಸ್, ಐದನೆಯದರಲ್ಲಿ ಡಿಜಿಟಿ ಮಿನಿಮಿ, ಆರನೆಯದರಲ್ಲಿ ಕಾರ್ಪಿ ಅಲ್ನಾರಿಸ್ ಸಾಗುತ್ತವೆ. ಮಣಿಕಟ್ಟಿನ ಹತ್ತಿರ ನೋವಿದ್ದಾಗ ಓಣಿಯ ಸಂಖ್ಯೆ ಹೇಳಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ನರ. ರೇಡಿಯಲ್ ನರ ಕಂಕುಳಲ್ಲಿ ಮತ್ತು ತೋಳಿನ ಮೇಲ್ಭಾಗದಲ್ಲೇ, ಮೊಣಕೈಯನ್ನು ಚಾಚುವ ಟ್ರೈಸೆಪ್ಸ್‌ಗೆ ಕವಲುಗಳನ್ನು ಕೊಟ್ಟು, ತೋಳುಮೂಳೆಯ ಹಿಂಬದಿಯ ಓರೆ ತೋಡಿನಲ್ಲಿ ಮೂಳೆಗೆ ಅಂಟಿದಂತೆ ಇಳಿದು, ಮೊಣಕೈಗಿಂತ ಸ್ವಲ್ಪ ಮೇಲೆ ಮುಂಬದಿಗೆ ಬರುತ್ತದೆ. ಅಲ್ಲಿ ಮೊದಲು ಬ್ರೇಕಿಯೋರೇಡಿಯಾಲಿಸ್‌ಗೆ, ಅನಂತರ ಕಾರ್ಪಿ ರೇಡಿಯಾಲಿಸ್ ಲಾಂಗಸ್‌ಗೆ ಕವಲು ಕೊಟ್ಟು, ಮೊಣಕೈಯ ಮುಂದೆ ಎರಡಾಗಿ ಒಡೆಯುತ್ತದೆ. ಮೇಲ್ಪದರದ ಕವಲು ಸ್ಪರ್ಶವನ್ನಷ್ಟೇ ಒಯ್ಯುತ್ತದೆ. ಆಳದ ಕವಲು ಸುಪಿನೇಟರ್ ಸ್ನಾಯುವಿನ ಎರಡು ಪದರಗಳ ನಡುವೆ ತೂರಿ, ಆಚೆ ಪೋಸ್ಟೀರಿಯರ್ ಇಂಟರಾಸಿಯಸ್ ನರ ಎನಿಸಿಕೊಂಡು, ಬೆರಳು ಮತ್ತು ಹೆಬ್ಬೆರಳಿನ ಎಲ್ಲ ಚಾಚುಸ್ನಾಯುಗಳಿಗೂ ಕಾರ್ಪಿ ಅಲ್ನಾರಿಸ್‌ಗೂ ಹಂಚಿಹೋಗುತ್ತದೆ. ಕಾರ್ಪಿ ರೇಡಿಯಾಲಿಸ್ ಬ್ರೆವಿಸ್‌ನ ಕವಲು ಒಬ್ಬೊಬ್ಬರಲ್ಲಿ ಒಂದೊಂದು ಜಾಗದಿಂದ ಹೊರಡುವುದರಿಂದ ಅದನ್ನು ನಂಬಿ ನರ ಯಾವ ಮಟ್ಟದಲ್ಲಿ ಕೆಟ್ಟಿದೆಯೆಂದು ನಿರ್ಧರಿಸುವುದು ಒಳ್ಳೆಯದಲ್ಲ.

ಮೊದಲು ಮಾಡಬೇಕಾದ ಎರಡು ಪರೀಕ್ಷೆಗಳು

ನರದ ಯೋಚನೆಗೆ ಹೋಗುವ ಮೊದಲು, ಬಾಗಿಕೊಂಡಿರುವ ಕೀಲನ್ನು ಪರೀಕ್ಷಕರೇ ತಮ್ಮ ಕೈಯಿಂದ ಮೆಲ್ಲನೆ ನೆಟ್ಟಗೆ ಮಾಡಿ ನೋಡಬೇಕು. ಬೇರೆಯವರು ಎತ್ತಿದರೂ ಬೆರಳು ಏಳದಿದ್ದರೆ ತೊಂದರೆ ಎತ್ತುವ ಸ್ನಾಯುವಿನದಲ್ಲ. ಕೀಲು ಬಿಗಿದಿರಬಹುದು, ಜಾರಿರಬಹುದು, ಅಥವಾ ಅಂಗೈ ಬದಿಯಲ್ಲಿ ಮಡಿಸುವ ರಜ್ಜು ಸಿಕ್ಕಿಕೊಂಡಿರಬಹುದು. ಈ ಸರಳ ಹೆಜ್ಜೆಯನ್ನು ಬಿಟ್ಟು ನೇರವಾಗಿ ನರದ ಪರೀಕ್ಷೆಗೆ ಕಳುಹಿಸಿದ ಕೈಗಳು ಬೇಕಾದಷ್ಟಿವೆ.

ಎತ್ತಿದಾಗ ಏಳುತ್ತದೆ, ತಾನಾಗಿ ಏಳುವುದಿಲ್ಲ ಎಂದಾದರೆ ಎರಡನೆಯ ಪರೀಕ್ಷೆ ಮಾಡಬೇಕು. ಮುಂಗೈಯನ್ನು ಮೇಜಿನ ಅಂಚಿನ ಮೇಲಿಟ್ಟು, ಕೈಯನ್ನು ಪೂರ್ತಿ ಸಡಿಲ ಬಿಡಲು ಹೇಳಿ, ಮಣಿಕಟ್ಟನ್ನು ಹಿಡಿದು ಅಂಗೈ ಕಡೆಗೆ ಬಾಗಿಸಬೇಕು. ರಜ್ಜುಗಳು ಗಟ್ಟಿಯಾಗಿದ್ದರೆ ಮಣಿಕಟ್ಟು ಬಾಗುತ್ತಿದ್ದಂತೆ ಹಿಂಬದಿಯ ರಜ್ಜುಗಳು ಜಗ್ಗಿ, ಬೆರಳುಗಳು ಬುಡದ ಗೆಣ್ಣಿನಲ್ಲಿ ತಾವಾಗಿ ಅರಳುತ್ತವೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತಿದರೆ ಅವು ಮತ್ತೆ ಅಂಗೈಯೊಳಗೆ ಸುರುಳಿಯಾಗುತ್ತವೆ. ಇದರಲ್ಲಿ ನರದ ಪಾತ್ರ ಏನೂ ಇಲ್ಲ. ಆದ್ದರಿಂದ ನರ ಪೂರ್ತಿ ಕೆಟ್ಟಿದ್ದರೂ ಬೆರಳುಗಳು ಅರಳುತ್ತವೆ, ರಜ್ಜು ಹರಿದಿದ್ದರೆ ಆ ಬೆರಳು ಮಾತ್ರ ಹಿಂದೆ ಉಳಿದುಬಿಡುತ್ತದೆ. ಯಂತ್ರವಿಲ್ಲದೆ, ಅರ್ಧ ನಿಮಿಷದಲ್ಲಿ, ನರದ ದೋಷವನ್ನೂ ರಜ್ಜಿನ ದೋಷವನ್ನೂ ಬೇರ್ಪಡಿಸುವ ಇಷ್ಟು ಒಳ್ಳೆಯ ಪರೀಕ್ಷೆ ಕೈಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಣಿಕಟ್ಟೇ ಜೋತುಬಿದ್ದಾಗ

ಮೊಣಕೈ ಮಡಿಸಿ ಅಂಗೈಯನ್ನು ನೆಲದ ಕಡೆಗೆ ಹಿಡಿದಾಗ ಕೈ ಮಣಿಕಟ್ಟಿನಿಂದ ಕೆಳಗೆ ನೇತಾಡಿದರೆ ರೇಡಿಯಲ್ ನರ ಎಲ್ಲೋ ಮೊಣಕೈಗಿಂತ ಮೇಲೆ ಕೆಟ್ಟಿದೆ ಎಂಬುದು ಮೊದಲ ಊಹೆ. ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿ ಗಾಢವಾಗಿ ನಿದ್ದೆ ಹೋದವರು, ತೋಳಿನ ಮೇಲೆ ಇನ್ನೊಬ್ಬರ ತಲೆ ಇರಿಸಿಕೊಂಡು ರಾತ್ರಿ ಕಳೆದವರು, ತೋಳುಮೂಳೆ ನಡುವಿನಲ್ಲಿ ಮುರಿದವರು ಈ ದೂರಿನೊಂದಿಗೆ ಬರುತ್ತಾರೆ. ಮಟ್ಟವನ್ನು ಹುಡುಕಲು ಮೇಲಿನಿಂದ ಕೆಳಗೆ ಬರಬೇಕು.

ಮೊದಲು ಮೊಣಕೈಯನ್ನು ಒತ್ತಡಕ್ಕೆ ವಿರುದ್ಧವಾಗಿ ಚಾಚಲು ಹೇಳಬೇಕು. ಅದೂ ದುರ್ಬಲವಾಗಿದ್ದರೆ ಟ್ರೈಸೆಪ್ಸ್‌ನ ಕವಲುಗಳಿಗಿಂತ ಮೇಲೆ, ಅಂದರೆ ಕಂಕುಳಲ್ಲಿ ಅಥವಾ ಇನ್ನೂ ಮೇಲೆ ದೋಷವಿದೆ. ಎತ್ತರ ಸರಿಹೊಂದದ ಊರುಗೋಲನ್ನು ಕಂಕುಳಿಗೆ ಒತ್ತಿ ನಡೆಯುವವರಲ್ಲಿ ಇದು ಗೊತ್ತಿರುವ ತೊಂದರೆ. ಟ್ರೈಸೆಪ್ಸ್ ಗಟ್ಟಿಯಾಗಿದ್ದರೆ ಮುಂದಿನದು ಬ್ರೇಕಿಯೋರೇಡಿಯಾಲಿಸ್. ಹೆಬ್ಬೆರಳು ಮೇಲ್ಮುಖವಾಗಿರುವಂತೆ ಕೈ ಹಿಡಿದು, ಮೊಣಕೈಯನ್ನು ಮಡಿಸುವಾಗ ಮಣಿಕಟ್ಟಿನ ಹತ್ತಿರ ಕೆಳಕ್ಕೆ ಒತ್ತಿದರೆ, ಸರಿಯಾಗಿರುವ ಸ್ನಾಯು ಮೊಣಕೈಯ ಹೊರಬದಿಯಲ್ಲಿ ದಿಣ್ಣೆಯಂತೆ ಎದ್ದು ನಿಲ್ಲುತ್ತದೆ. ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ದಿಣ್ಣೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ದೂರದಿಂದಲೇ ಕಾಣುತ್ತದೆ. ಟ್ರೈಸೆಪ್ಸ್ ಇದೆ, ಬ್ರೇಕಿಯೋರೇಡಿಯಾಲಿಸ್ ಇಲ್ಲ, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದಿಯ ಹಿಂಬದಿ ಚರ್ಮ ಜೋಮು ಹಿಡಿದಿದೆ ಎಂದಾದರೆ ದೋಷ ತೋಳುಮೂಳೆಯ ತೋಡಿನಲ್ಲಿದೆ.

ಈ ಹಂತದಲ್ಲಿ ಎಡವುವ ಜಾಗಗಳು ಎರಡು. ಮೊದಲನೆಯದು, ಕೈ ಜೋತುಬಿದ್ದ ವ್ಯಕ್ತಿ ಬೆರಳುಗಳ ನಡುಗೆಣ್ಣು ಮತ್ತು ತುದಿಗೆಣ್ಣುಗಳನ್ನು ಚಾಚಬಲ್ಲ. ಆ ಗೆಣ್ಣುಗಳನ್ನು, ಕೈಗೆ ಬರುವ ಇನ್ನೆರಡು ನರಗಳಾದ ಅಲ್ನರ್ ಮತ್ತು ಮೀಡಿಯನ್ ನರಗಳ ಅಧೀನದಲ್ಲಿರುವ ಅಂಗೈಯ ಪುಟ್ಟ ಸ್ನಾಯುಗಳೂ ಚಾಚುತ್ತವೆ. ಬೆರಳು ಆಡುತ್ತಿದೆಯಲ್ಲ ಎಂದು ದೋಷವನ್ನು ಅಲ್ಪವೆಂದು ಬರೆದುಕೊಳ್ಳಬಾರದು. ಬುಡದ ಗೆಣ್ಣು ಏಳುತ್ತದೆಯೇ ಎಂಬುದೊಂದೇ ಇಲ್ಲಿ ಪ್ರಶ್ನೆ. ಎರಡನೆಯದು ಇದಕ್ಕೆ ತದ್ವಿರುದ್ಧವಾದದ್ದು. ಬೆರಳುಗಳನ್ನು ಅಗಲಿಸಲು ಹೇಳಿದರೆ ಜೋತುಬಿದ್ದ ಕೈಯಲ್ಲಿ ಅವು ಸರಿಯಾಗಿ ಅಗಲುವುದಿಲ್ಲ, ಮುಷ್ಟಿಯ ಹಿಡಿತವೂ ಸಡಿಲವಾಗಿರುತ್ತದೆ. ಆಗ ಅಲ್ನರ್ ನರವೂ ಮೀಡಿಯನ್ ನರವೂ ಕೆಟ್ಟಿವೆಯೇನೋ ಎಂಬ ಗಾಬರಿ ಹುಟ್ಟುತ್ತದೆ. ಕಾರಣ ಬೇರೆ. ಬುಡದ ಗೆಣ್ಣು ಬಾಗಿರುವಾಗ ಬೆರಳು ಅಗಲಿಸುವ ಸ್ನಾಯುಗಳಿಗೆ ಬಲ ಸಾಲುವುದಿಲ್ಲ, ಮಣಿಕಟ್ಟು ಕೆಳಗೆ ಬಿದ್ದಿರುವಾಗ ಮಡಿಸುವ ರಜ್ಜುಗಳು ಸಡಿಲಗೊಂಡು ಹಿಡಿತ ಬಿಗಿಯುವುದಿಲ್ಲ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಬೆರಳು ಅಗಲಿಸಲು ಹೇಳಿ, ಮಣಿಕಟ್ಟನ್ನು ನಾವೇ ಎತ್ತಿ ಹಿಡಿದು ಮುಷ್ಟಿ ಬಿಗಿಯಲು ಹೇಳಿದರೆ ಎರಡೂ ಬಲಗಳು ಮರಳಿ ಬರುತ್ತವೆ.

ಹಿಡಿತದ ಈ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಬೆರಳು ಮಡಿಸುವ ಸ್ನಾಯುಗಳು ಮಣಿಕಟ್ಟನ್ನೂ ದಾಟಿ ಹೋಗುವುದರಿಂದ, ಅವು ಎಳೆದಾಗಲೆಲ್ಲ ಮಣಿಕಟ್ಟನ್ನೂ ಬಾಗಿಸಲು ನೋಡುತ್ತವೆ. ಅದನ್ನು ತಡೆದು ಮಣಿಕಟ್ಟನ್ನು ಹಿಂದಕ್ಕೆ ಎಳೆದು ನಿಲ್ಲಿಸುವ ಕೆಲಸ ಹಿಂಬದಿಯ ಸ್ನಾಯುಗಳದು. ಹೀಗಾಗಿ ಲೋಟ ಹಿಡಿಯುವ ಪ್ರತಿ ಸಲವೂ ಮುಂಗೈಯ ಹಿಂಬದಿ ದುಡಿಯುತ್ತದೆ. ಲೋಟ ಕೈಯಿಂದ ಜಾರಿತು ಎಂಬ ದೂರಿನ ಮೂಲ ಎಷ್ಟೋ ಸಲ ಅಂಗೈಯಲ್ಲಿರದೆ ಹಿಂಬದಿಯಲ್ಲಿರುವುದು ಇದೇ ಕಾರಣಕ್ಕೆ.

ಮುಷ್ಟಿ ಬಿಗಿಸಿ ನೋಡುವುದರಿಂದ ಇನ್ನೊಂದು ಲಾಭವೂ ಇದೆ. ಮೆದುಳಿನಲ್ಲಿ ಕೈಯ ಚಲನೆಗೆ ಸಂಬಂಧಿಸಿದ ಚಿಕ್ಕ ಭಾಗಕ್ಕಷ್ಟೇ ರಕ್ತ ನಿಂತಾಗಲೂ ಕೈ ಇದೇ ರೀತಿ ಜೋತುಬೀಳುತ್ತದೆ. ಅಂಥ ಕೈಯಲ್ಲಿ ಮುಷ್ಟಿ ಬಿಗಿಯಲು ಪ್ರಯತ್ನಿಸಿದಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಏಳುತ್ತದೆ. ನರದ ದೋಷದಲ್ಲಿ ಅದು ಇನ್ನಷ್ಟು ಕೆಳಕ್ಕೆ ಬಾಗುತ್ತದೆ. ದಿಢೀರನೆ ಕೈ ಬಿದ್ದಿದ್ದು, ಬ್ರೇಕಿಯೋರೇಡಿಯಾಲಿಸ್ ಗಟ್ಟಿಯಾಗಿದ್ದು, ಮುಷ್ಟಿಯೊಂದಿಗೆ ಮಣಿಕಟ್ಟು ಎದ್ದರೆ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಧಾವಿಸಬೇಕು.

ಕುತ್ತಿಗೆಯಲ್ಲಿ ಏಳನೆಯ ನರಮೂಲ ಒತ್ತಲ್ಪಟ್ಟಾಗಲೂ ಬೆರಳು ಮತ್ತು ಮಣಿಕಟ್ಟು ದುರ್ಬಲವಾಗುತ್ತವೆ. ಆಗ ಟ್ರೈಸೆಪ್ಸ್ ಕೂಡ ಸೋತಿರುತ್ತದೆ, ಅದರ ರಜ್ಜನ್ನು ಸುತ್ತಿಗೆಯಿಂದ ತಟ್ಟಿದಾಗ ಬರುವ ಪ್ರತಿಕ್ರಿಯೆ ಇಳಿದಿರುತ್ತದೆ, ಆದರೆ ಐದು ಮತ್ತು ಆರನೆಯ ಮೂಲಗಳಿಂದ ಬಲ ಪಡೆಯುವ ಬ್ರೇಕಿಯೋರೇಡಿಯಾಲಿಸ್ ಉಳಿದುಕೊಂಡಿರುತ್ತದೆ. ಟ್ರೈಸೆಪ್ಸ್ ಸೋತು ಬ್ರೇಕಿಯೋರೇಡಿಯಾಲಿಸ್ ಉಳಿಯುವ ಈ ಜೋಡಿ ರೇಡಿಯಲ್ ನರದ ಯಾವುದೇ ಒಂದು ಜಾಗದ ಪೆಟ್ಟಿಗೆ ಹೊಂದುವುದಿಲ್ಲ. ಮೀಡಿಯನ್ ನರದ ಮೂಲಕ ಅದೇ ಮೂಲದಿಂದ ಬಲ ಪಡೆಯುವ, ಮಣಿಕಟ್ಟನ್ನು ಮಡಿಸುವ ಸ್ನಾಯುಗಳಲ್ಲೂ ದೌರ್ಬಲ್ಯ ಸಿಕ್ಕರೆ ಅನುಮಾನ ಕುತ್ತಿಗೆಯ ಮೇಲೆಯೇ ಗಟ್ಟಿಯಾಗುತ್ತದೆ. ಸೀಸದ ವಿಷದಿಂದಲೂ, ಸ್ಪರ್ಶ ಸರಿಯಾಗಿದ್ದು, ಬ್ರೇಕಿಯೋರೇಡಿಯಾಲಿಸ್ ಉಳಿದು, ಬೆರಳು ಮತ್ತು ಮಣಿಕಟ್ಟುಗಳಷ್ಟೇ ಬೀಳುವುದುಂಟು. ಎರಡೂ ಕೈಗಳಲ್ಲಿ ಹೀಗಾಗಿದ್ದರೆ ವ್ಯಕ್ತಿಯ ಕೆಲಸ ಏನೆಂದು ಕೇಳಲು ಮರೆಯಬಾರದು.

ಮಣಿಕಟ್ಟು ಏಳುತ್ತದೆ, ಬೆರಳು ಏಳುವುದಿಲ್ಲ

ಈ ಚಿತ್ರವನ್ನು ಮೇಲಿನದರೊಂದಿಗೆ ಕಲಸಿಕೊಳ್ಳಬಾರದು. ಮಣಿಕಟ್ಟನ್ನು ಎತ್ತಲು ಹೇಳಿದಾಗ ಅದು ಏಳುತ್ತದೆ, ಆದರೆ ನೇರವಾಗಿ ಏಳದೆ ಹೆಬ್ಬೆರಳ ಬದಿಗೆ ವಾಲಿಕೊಂಡು ಏಳುತ್ತದೆ. ಬುಡದ ಗೆಣ್ಣುಗಳು ಬಾಗಿಯೇ ಇರುತ್ತವೆ, ಹೆಬ್ಬೆರಳು ಹಿಂದಕ್ಕೆ ಸರಿಯುವುದಿಲ್ಲ, ಆದರೆ ಚರ್ಮದ ಸ್ಪರ್ಶ ಎಲ್ಲೆಡೆ ಸರಿಯಾಗಿರುತ್ತದೆ. ವಾಲುವುದಕ್ಕೆ ಕಾರಣ ನಕ್ಷೆಯಲ್ಲಿಯೇ ಇದೆ: ನರ ಒಡೆಯುವ ಮೊದಲೇ ಕವಲು ಪಡೆದ ಕಾರ್ಪಿ ರೇಡಿಯಾಲಿಸ್ ಲಾಂಗಸ್ ಬದುಕಿದೆ, ಅದರ ಎಳೆತಕ್ಕೆ ಇನ್ನೊಂದು ಬದಿಯಿಂದ ಸಮ ಎಳೆತ ಕೊಡಬೇಕಾದ ಕಾರ್ಪಿ ಅಲ್ನಾರಿಸ್ ಸತ್ತಿದೆ. ಮೇಲ್ಪದರದ ಕವಲು ಬೇರೆ ದಾರಿ ಹಿಡಿದಿರುವುದರಿಂದ ಸ್ಪರ್ಶಕ್ಕೆ ಧಕ್ಕೆಯಾಗಿಲ್ಲ. ದೋಷ ಪೋಸ್ಟೀರಿಯರ್ ಇಂಟರಾಸಿಯಸ್ ನರದಲ್ಲಿದೆ. ಸುಪಿನೇಟರ್‌ನ ಮೇಲಿನ ಅಂಚು ಹಲವರಲ್ಲಿ ನಾರಿನ ಕಮಾನಾಗಿ ಗಟ್ಟಿಯಾಗಿರುತ್ತದೆ. ನರ ಅಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು. ಅದೇ ಜಾಗದಲ್ಲಿ ಬೆಳೆದ ಕೊಬ್ಬಿನ ಗೆಡ್ಡೆ ಅಥವಾ ಮುರಿದ ರೇಡಿಯಸ್ ತಲೆಯೂ ಒತ್ತಬಹುದು.

ಅಂಗೈ ಮೇಲ್ಮುಖ ಮಾಡುವ ಬಲವನ್ನು ನೋಡಿ ಸುಪಿನೇಟರ್‌ನ ಸ್ಥಿತಿಯನ್ನು ನಿರ್ಧರಿಸುವವರು ಮೊಣಕೈಯನ್ನು ಪೂರ್ತಿ ಚಾಚಿಸಿಕೊಂಡೇ ಪರೀಕ್ಷಿಸಬೇಕು. ಮೊಣಕೈ ಮಡಿಸಿದ್ದರೆ ತೋಳಿನ ಮುಂಬದಿಯ ಬೈಸೆಪ್ಸ್ ಆ ಕೆಲಸವನ್ನು ಸಲೀಸಾಗಿ ಮಾಡಿಬಿಡುತ್ತದೆ.

ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಒಂದು ಬೆಳಗ್ಗೆ ಬೆರಳುಗಳು ಏಳದೆಹೋದರೆ ಕಾರಣಗಳು ಕನಿಷ್ಠ ನಾಲ್ಕಿವೆ, ಮತ್ತು ನೋಡಲು ನಾಲ್ಕೂ ಒಂದೇ ತೆರ. ಊದಿದ ಮೊಣಕೈ ಕೀಲು ನರವನ್ನು ಒತ್ತಿರಬಹುದು. ಮಣಿಕಟ್ಟಿನಲ್ಲಿ, ಕಿರುಬೆರಳ ಬದಿಯ ಅಲ್ನಾ ಮೂಳೆಯ ಒರಟು ತುದಿಗೆ ಉಜ್ಜಿ ರಜ್ಜುಗಳು ಹರಿದಿರಬಹುದು. ಹಾಗೆ ಹರಿಯುವುದು ಬಹುತೇಕ ಕಿರುಬೆರಳಿನಿಂದ ಶುರುವಾಗಿ ಉಂಗುರಬೆರಳು, ನಡುಬೆರಳು ಎಂದು ಒಂದೊಂದಾಗಿ ಮುಂದುವರಿಯುತ್ತದೆ. ಬುಡದ ಗೆಣ್ಣೇ ಜಾರಿರಬಹುದು. ಅಥವಾ ರಜ್ಜು ಗೆಣ್ಣಿನ ನೆತ್ತಿಯಿಂದ ಪಕ್ಕದ ತಗ್ಗಿಗೆ ಜಾರಿಕೊಂಡಿರಬಹುದು. ಕೀಲು ಜಾರಿದ್ದನ್ನು ಮೊದಲ ಪರೀಕ್ಷೆ ಹೇಳುತ್ತದೆ. ನರವೋ ರಜ್ಜೋ ಎಂಬುದನ್ನು ಮಣಿಕಟ್ಟು ಬಾಗಿಸುವ ಪರೀಕ್ಷೆ ಹೇಳುತ್ತದೆ. ರಜ್ಜು ಜಾರಿರುವುದಾದರೆ, ಬಾಗಿದ ಬೆರಳನ್ನು ವ್ಯಕ್ತಿ ತಾನಾಗಿ ಎತ್ತಲಾರದಿದ್ದರೂ ನಾವು ಎತ್ತಿ ನೆಟ್ಟಗೆ ನಿಲ್ಲಿಸಿದ ಮೇಲೆ ಹಾಗೆಯೇ ಹಿಡಿದಿಟ್ಟುಕೊಳ್ಳಬಲ್ಲ. ಈ ಮೂರನ್ನು ಸಾಲಾಗಿ ಮಾಡಿದರೆ ನಾಲ್ಕು ಕಾರಣಗಳೂ ಬೇರೆಬೇರೆಯಾಗುತ್ತವೆ. ಕಿರುಬೆರಳೊಂದೇ ಬಿದ್ದಿರುವಾಗಲೇ ಶಸ್ತ್ರಚಿಕಿತ್ಸಕರಿಗೆ ತೋರಿಸಿದರೆ ಉಳಿದ ರಜ್ಜುಗಳನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ.

ಒಂದೇ ಬೆರಳು ಬಿದ್ದಾಗ

ಒಂದೇ ಬೆರಳು ಅಥವಾ ಹೆಬ್ಬೆರಳಷ್ಟೇ ಏಳದಿದ್ದರೆ ನರಕ್ಕಿಂತ ರಜ್ಜನ್ನು ಮೊದಲು ಅನುಮಾನಿಸಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಎಕ್ಸ್‌ಟೆನ್ಸರ್ ಪೊಲ್ಲಿಸಿಸ್ ಲಾಂಗಸ್. ಈ ರಜ್ಜು ಮೂರನೆಯ ಓಣಿಯಿಂದ ಹೊರಬಂದು, ರೇಡಿಯಸ್ ಮೂಳೆಯ ಹಿಂಬದಿಯಲ್ಲಿರುವ ಲಿಸ್ಟರ್ ಗುಬ್ಬಿ ಎಂಬ ಚಿಕ್ಕ ಮೂಳೆಯುಬ್ಬನ್ನು ರಾಟೆಯಂತೆ ಬಳಸಿ ಓರೆಯಾಗಿ ಹೆಬ್ಬೆರಳಿಗೆ ತಿರುಗುತ್ತದೆ. ಮಣಿಕಟ್ಟಿನ ಹತ್ತಿರ ರೇಡಿಯಸ್ ಮುರಿದಾಗ, ಅದರಲ್ಲೂ ತುಂಡುಗಳು ಜರುಗದೆ ಬರೀ ಬಿರುಕು ಬಿಟ್ಟಿದ್ದಾಗ, ಇಕ್ಕಟ್ಟಾದ ಈ ಓಣಿಯಲ್ಲಿ ರಜ್ಜಿಗೆ ರಕ್ತ ಕಡಿಮೆಯಾಗಿ ಅದು ಸವೆಯುತ್ತ ಬರುತ್ತದೆ. ವಾರಗಳು ಕಳೆದು, ಪ್ಲಾಸ್ಟರ್ ಬಿಚ್ಚಿ, ಎಲ್ಲವೂ ಸರಿಹೋಯಿತು ಎನ್ನುವ ಹೊತ್ತಿಗೆ, ಅಂಗಿಯ ಗುಂಡಿ ಹಾಕುವಂಥ ಸಣ್ಣ ಕೆಲಸದ ನಡುವೆ ನೋವಿಲ್ಲದೆಯೇ ಹೆಬ್ಬೆರಳಿನ ತುದಿ ಬಿದ್ದುಹೋಗುತ್ತದೆ.

ಪರೀಕ್ಷೆ ಸುಲಭ, ಆದರೆ ಮಾಡುವ ರೀತಿ ಮುಖ್ಯ. ಹೆಬ್ಬೆರಳಿನ ತುದಿಗೆಣ್ಣನ್ನು ಚಾಚಲು ಹೇಳಿದರೆ ಸಾಲದು, ಏಕೆಂದರೆ ಅಂಗೈಯ ಪುಟ್ಟ ಸ್ನಾಯುಗಳು ಅದನ್ನು ನೇರವಾಗುವವರೆಗೆ ಎಳೆಯಬಲ್ಲವು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿಟ್ಟು, ಹೆಬ್ಬೆರಳನ್ನಷ್ಟೇ ಮೇಲ್ಛಾವಣಿಯ ಕಡೆಗೆ ಎತ್ತಲು ಹೇಳಬೇಕು. ಈ ಚಲನೆಯನ್ನು ಬೇರೆ ಯಾವ ಸ್ನಾಯುವೂ ಮಾಡಿಕೊಡಲಾರದು. ಜೊತೆಗೆ ಕಣ್ಣಿನಿಂದಲೂ ನೋಡಬೇಕು: ಸರಿಯಾದ ಕೈಯಲ್ಲಿ ಹೆಬ್ಬೆರಳನ್ನು ಹಿಂದಕ್ಕೆ ಸೆಳೆದಾಗ ಅದರ ಬುಡದಲ್ಲಿ ಒಂದು ತ್ರಿಕೋನಾಕಾರದ ಗುಳಿ ಬೀಳುತ್ತದೆ. ಗುಳಿಯ ಮುಂದಿನ ದಡ ಮೊದಲ ಓಣಿಯ ಎರಡು ರಜ್ಜುಗಳದು, ಹಿಂದಿನ ದಡ ಪೊಲ್ಲಿಸಿಸ್ ಲಾಂಗಸ್‌ನದು. ಕೆಟ್ಟ ಕೈಯಲ್ಲಿ ಮುಂದಿನ ದಡ ಹುರಿಯಂತೆ ಬಿಗಿದು ನಿಂತಿರುತ್ತದೆ, ಹಿಂದಿನ ದಡ ಇರಬೇಕಾದ ಕಡೆ ಬೆರಳಿಟ್ಟರೆ ಚರ್ಮ ಮೆತ್ತಗೆ ಒಳಗೆ ಹೋಗುತ್ತದೆ. ಹರಿದ ತುದಿಗಳು ಸವೆದಿರುವುದರಿಂದ ನೇರವಾಗಿ ಹೊಲಿಯುವುದು ಸಾಮಾನ್ಯವಾಗಿ ಆಗದು. ಎಕ್ಸ್‌ಟೆನ್ಸರ್ ಇಂಡಿಸಿಸ್‌ನ ರಜ್ಜನ್ನು ತಂದು ಜೋಡಿಸುವುದು ರೂಢಿ. ಹಾಗಾಗಿ ಉಳಿದ ಬೆರಳುಗಳನ್ನು ಮುಷ್ಟಿಯೊಳಗೆ ಇಟ್ಟುಕೊಂಡು ತೋರುಬೆರಳನ್ನೊಂದೇ ಎತ್ತಬಲ್ಲನೇ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿಟ್ಟುಕೊಳ್ಳುವುದು ಜಾಣತನ.

ಹಸ್ತದ ಹಿಂಬದಿಯಲ್ಲಿ ಚಾಕು ತಗುಲಿದ ಗಾಯಗಳು ವಂಚಿಸುವುದು ಇನ್ನೊಂದು ಬಗೆಯಲ್ಲಿ. ಡಿಜಿಟೋರಮ್‌ನ ರಜ್ಜುಗಳ ನಡುವೆ, ಬುಡದ ಗೆಣ್ಣುಗಳಿಗಿಂತ ಸ್ವಲ್ಪ ಹಿಂದೆ, ಅಡ್ಡಸೇತುವೆಗಳಿವೆ. ಸೇತುವೆಗಿಂತ ಹಿಂದೆ ಒಂದು ರಜ್ಜು ಪೂರ್ತಿ ತುಂಡಾಗಿದ್ದರೂ ಪಕ್ಕದ ರಜ್ಜು ಅದರ ಬೆರಳನ್ನೂ ಎತ್ತಿಕೊಂಡು ಹೋಗುತ್ತದೆ. ಆದುದರಿಂದ ಗಾಯವಾದ ಕೈಯಲ್ಲಿ ಪ್ರತಿ ಬೆರಳನ್ನೂ ಒತ್ತಡದ ವಿರುದ್ಧ ಬೇರೆಬೇರೆಯಾಗಿ ಎತ್ತಿಸಬೇಕು, ಬಲ ಕಡಿಮೆಯೆನಿಸಿದರೆ ಅಥವಾ ನೋವೆನಿಸಿದರೆ ಗಾಯದೊಳಗೆ ನೋಡದೆ ಹೊಲಿಗೆ ಹಾಕಬಾರದು.

ತುದಿಗೆಣ್ಣೊಂದೇ ಬಾಗಿ ಉಳಿದಿದ್ದರೆ ರಜ್ಜಿನ ಕೊನೆಯ ಅಂಟು ಕಿತ್ತಿದೆ. ಗೆಣ್ಣನ್ನು ನೇರವಾಗಿ ಹಿಡಿಯುವ ಪಟ್ಟಿಯನ್ನು 6ರಿಂದ 8 ವಾರ ಒಂದು ಕ್ಷಣವೂ ಬಾಗಗೊಡದೆ ಕಟ್ಟಿಕೊಂಡರೆ ಹೆಚ್ಚಿನವು ಕೂಡಿಕೊಳ್ಳುತ್ತವೆ. ನಡುಗೆಣ್ಣಿಗೆ ಪೆಟ್ಟಾದಾಗ ಬೆರಳನ್ನು ಮೇಜಿನ ಅಂಚಿನಲ್ಲಿ 90 ಡಿಗ್ರಿ ಬಾಗಿಸಿಟ್ಟು ಚಾಚಲು ಹೇಳಬೇಕು. ತುದಿಗೆಣ್ಣು ಸಡಿಲವಾಗಿರದೆ ಬಿಗಿದುಕೊಂಡರೆ ರಜ್ಜಿನ ನಡುಪಟ್ಟಿ ಹರಿದಿದೆ.

ಬಲವಿದೆ, ನೋವಿದೆ

ಮೊಣಕೈಯ ಹೊರಬದಿಯ ನೋವಿಗೆ ಟೆನಿಸ್ ಎಲ್ಬೋ ಎಂಬ ಹೆಸರು ಅಂಟಿಕೊಂಡಿದ್ದರೂ ಅದರಿಂದ ಬಳಲುವ ಬಹುಪಾಲು ಜನ ಟೆನಿಸ್ ಆಡಿದವರಲ್ಲ. ಇಲ್ಲಿ ಮುಖ್ಯವಾಗಿ ಕೆಡುವುದು ಕಾರ್ಪಿ ರೇಡಿಯಾಲಿಸ್ ಬ್ರೆವಿಸ್‌ನ ಮೂಲ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಉರಿಯೂತಕ್ಕಿಂತ ಹೆಚ್ಚಾಗಿ ಸವೆದ, ಅಸ್ತವ್ಯಸ್ತವಾದ ನಾರುಗಳು. ಕುರ್ಚಿಯನ್ನು ಅಂಗೈ ಕೆಳಮುಖವಾಗಿ ಹಿಡಿದು ಎತ್ತಿದಾಗ ನೋವು ಹೆಚ್ಚಾಗಿ, ಅಂಗೈ ಮೇಲ್ಮುಖವಾಗಿ ಹಿಡಿದಾಗ ಇಲ್ಲವಾದರೆ ಹಿಂಬದಿಯ ಗುಂಪೇ ಕಾರಣ. ಮೊಣಕೈ ಚಾಚಿ ನಡುಬೆರಳನ್ನು ಒತ್ತಡದ ವಿರುದ್ಧ ಎತ್ತಿಸಿದಾಗ ಹೊರ ಉಬ್ಬಿನಲ್ಲಿ ನೋವು ಮೂಡುವುದೂ ಇದನ್ನೇ ಸೂಚಿಸುತ್ತದೆ. ಒತ್ತಿ ನೋಡುವಾಗ ಬೆರಳನ್ನು ಉಬ್ಬಿನ ನೆತ್ತಿಯ ಮೇಲಿಡದೆ ಸ್ವಲ್ಪ ಮುಂದಕ್ಕೂ ಕೆಳಕ್ಕೂ ಇಡಬೇಕು. ಕಾರ್ಪಿ ರೇಡಿಯಾಲಿಸ್ ಲಾಂಗಸ್ ಈ ಉಬ್ಬಿಗಿಂತ ಮೇಲೆ ಹುಟ್ಟುವುದರಿಂದ, ಉಬ್ಬಿನ ಮೇಲಿನ ಅಂಚಿನಲ್ಲಷ್ಟೇ ನೋವಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ಸ್ಟೀರಾಯ್ಡ್ ಚುಚ್ಚುಮದ್ದು ಮೊದಲ ಕೆಲವು ವಾರ ಹಾಯೆನಿಸಿದರೂ, ವರ್ಷದ ಕೊನೆಯಲ್ಲಿ ಅದನ್ನು ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಹಿಂದೆ ಬಿದ್ದಿರುವುದು ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಕ್ರಮೇಣ ಭಾರ ಹೆಚ್ಚಿಸುವ ವ್ಯಾಯಾಮವನ್ನೇ ಮೊದಲು ಹಿಡಿಯುವುದು ಲೇಸೆಂದು ನನಗೆ ತೋರುತ್ತದೆ.

ತಿಂಗಳುಗಟ್ಟಲೆ ಟೆನಿಸ್ ಎಲ್ಬೋ ಎಂದು ಉಪಚರಿಸಿಯೂ ಬಗ್ಗದ ನೋವಿನಲ್ಲಿ ಬೆರಳನ್ನು ಉಬ್ಬಿನಿಂದ 3–4 ಸೆಂಟಿಮೀಟರ್ ಕೆಳಗೆ, ಸ್ನಾಯುವಿನ ಆಳಕ್ಕೆ ಒತ್ತಿ ನೋಡಬೇಕು. ಅತಿ ನೋವಿನ ಜಾಗ ಅಲ್ಲಿದ್ದು, ಅಂಗೈಯನ್ನು ಒತ್ತಡದ ವಿರುದ್ಧ ಮೇಲ್ಮುಖ ಮಾಡುವಾಗ ಅದು ಹೆಚ್ಚಾದರೆ, ಸುಪಿನೇಟರ್‌ನ ಬಾಯಲ್ಲಿ ನರವೇ ಒತ್ತಲ್ಪಡುತ್ತಿರಬಹುದು.

ಮಣಿಕಟ್ಟಿನಲ್ಲಿ ಓಣಿಯ ಲೆಕ್ಕ ಹಿಡಿಯಬೇಕು. ಹೆಬ್ಬೆರಳ ಬುಡದಲ್ಲಿ, ರೇಡಿಯಸ್‌ನ ಚೂಪುತುದಿಯ ಮೇಲೆ ನೋವು ಮತ್ತು ಊತ ಇದ್ದರೆ ಮೊದಲ ಓಣಿಯದು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರಚಿಕಿತ್ಸಕ ಫ್ರಿಟ್ಸ್ ಡಿ ಕೆರ್ವೇನ್ ಅವರ ಹೆಸರಿನಿಂದಲೇ ಅದು ಗುರುತಾಗಿದೆ. ಎಳೆಗೂಸನ್ನು ದಿನವಿಡೀ ಎತ್ತಿಕೊಳ್ಳುವ ತಾಯಂದಿರಲ್ಲಿ ಇದು ಸಾಮಾನ್ಯ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಮಣಿಕಟ್ಟನ್ನು ಕಿರುಬೆರಳ ಬದಿಗೆ ಬಾಗಿಸುವ ಪರೀಕ್ಷೆಯನ್ನು ಎಲ್ಲರೂ ಫಿಂಕೆಲ್‌ಸ್ಟೈನ್ ಪರೀಕ್ಷೆ ಎನ್ನುತ್ತಾರೆ. ವಾಸ್ತವದಲ್ಲಿ ಅದು ಐಕ್‌ಹಾಫ್ ಅವರದು, ಮತ್ತು ಸರಿಯಾದ ಕೈಯಲ್ಲೂ ನೋವುಂಟುಮಾಡಬಲ್ಲದು. ಫಿಂಕೆಲ್‌ಸ್ಟೈನ್ 1930ರಲ್ಲಿ ಹೇಳಿದ್ದು ಪರೀಕ್ಷಕರೇ ಹೆಬ್ಬೆರಳನ್ನು ಹಿಡಿದು ಎಳೆಯುವ ಕ್ರಮ. ಯಾವುದನ್ನು ಮಾಡಿದರೂ ಇನ್ನೊಂದು ಕೈಯೊಂದಿಗೆ ಹೋಲಿಸದೆ ತೀರ್ಪು ಬರೆಯಬಾರದು.

ಅದೇ ರಜ್ಜುಗಳು ಮಣಿಕಟ್ಟಿಗಿಂತ 4–5 ಸೆಂಟಿಮೀಟರ್ ಮೇಲೆ, ಎರಡನೆಯ ಓಣಿಯ ಜೋಡಿಯನ್ನು ಅಡ್ಡ ದಾಟುತ್ತವೆ. ದೋಣಿಯ ಹುಟ್ಟು ಹಾಕುವವರಲ್ಲಿ, ಭಾರ ಎತ್ತುವವರಲ್ಲಿ ಆ ದಾಟಿನಲ್ಲಿ ನೋವು ಕಾಣಿಸಿಕೊಂಡಾಗ, ಮಣಿಕಟ್ಟು ಆಡಿಸುತ್ತಿರುವಂತೆ ಅಲ್ಲಿ ಬೆರಳಿಟ್ಟರೆ ಹೊಸ ಚರ್ಮದ ಚಪ್ಪಲಿ ಕಿರುಗುಟ್ಟಿದಂತಹ ಸ್ಪರ್ಶ ಸಿಗುತ್ತದೆ. ಒಮ್ಮೆ ಬೆರಳಿಗೆ ಸಿಕ್ಕವರು ಅದನ್ನು ಮರೆಯುವುದಿಲ್ಲ. ನೋವಿಗಿಂತ ಉರಿ ಮತ್ತು ಜೋಮು ಹೆಚ್ಚಿದ್ದು, ಬಿಗಿ ಗಡಿಯಾರ ಅಥವಾ ಬಳೆ ಕಟ್ಟಿಕೊಳ್ಳುವ ಅಭ್ಯಾಸವಿದ್ದರೆ, ರಜ್ಜನ್ನು ಬಿಟ್ಟು ರೇಡಿಯಲ್ ನರದ ಮೇಲ್ಪದರದ ಕವಲನ್ನು ನೋಡಬೇಕು. ಕಿರುಬೆರಳ ಬದಿಯಲ್ಲಿ, ಅಂಗೈ ಮೇಲೆ ಮಾಡಿ ಮಣಿಕಟ್ಟನ್ನು ಆ ಬದಿಗೆ ವಾಲಿಸಿದಾಗ ಏನೋ ಟಕ್ಕೆಂದು ಜಾರಿದರೆ ಆರನೆಯ ಓಣಿಯ ಗೋಡೆ ಸಡಿಲವಾಗಿದೆ.

ಪತ್ತೆಯಾದ ಮೇಲೆ ಕಾಯುವ ಲೆಕ್ಕ

ಒತ್ತಡದಿಂದ ಜೋಮು ಹಿಡಿದ ನರ ಹೆಚ್ಚಿನವರಲ್ಲಿ ಕೆಲವು ವಾರಗಳಿಂದ 3 ತಿಂಗಳೊಳಗೆ ಚೇತರಿಸಿಕೊಳ್ಳುತ್ತದೆ. ಅಷ್ಟು ದಿನ ಮಣಿಕಟ್ಟನ್ನು ಎತ್ತಿ ಹಿಡಿಯುವ ಪಟ್ಟಿ ಕಟ್ಟಿಕೊಂಡು, ದಿನಕ್ಕೆ ಹಲವು ಸಲ ಕೀಲುಗಳನ್ನು ಇನ್ನೊಂದು ಕೈಯಿಂದ ಪೂರ್ತಿ ಆಡಿಸದಿದ್ದರೆ ನರ ಮರಳುವ ಹೊತ್ತಿಗೆ ಕೀಲು ಬಿಗಿದುಹೋಗಿರುತ್ತದೆ. ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆಯನ್ನು ಪೆಟ್ಟಾದ ಮರುದಿನವೇ ಮಾಡಿಸಿದರೆ ಪ್ರಯೋಜನ ಕಡಿಮೆ; ಸುಮಾರು 3 ವಾರ ಕಳೆದ ಮೇಲಷ್ಟೇ ಹಾನಿಯ ಗುರುತುಗಳು ಸ್ನಾಯುವಿನಲ್ಲಿ ಸ್ಪಷ್ಟವಾಗುತ್ತವೆ.

ನರದ ಎಳೆಗಳೇ ತುಂಡಾಗಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತವೆ. ಪೆಟ್ಟಿನ ಜಾಗದಿಂದ ಬ್ರೇಕಿಯೋರೇಡಿಯಾಲಿಸ್‌ಗೆ ಇರುವ ದೂರವನ್ನು ಟೇಪಿನಿಂದ ಅಳೆದರೆ, ಅದು ಯಾವ ತಿಂಗಳಲ್ಲಿ ಮಿಡುಕಬೇಕೆಂಬ ಅಂದಾಜು ಸಿಗುತ್ತದೆ. 10 ಸೆಂಟಿಮೀಟರ್ ಇದ್ದರೆ 3 ತಿಂಗಳಿಗಿಂತ ತುಸು ಹೆಚ್ಚು. ಆ ಗಡುವು ದಾಟಿಯೂ ದಿಣ್ಣೆ ಏಳದಿದ್ದರೆ ಸುಮ್ಮನೆ ಕಾಯದೆ ನರದ ಶಸ್ತ್ರಚಿಕಿತ್ಸಕರ ಬಳಿಗೆ ಕಳುಹಿಸಬೇಕು. ಎದ್ದರೆ ಮುಂದಿನವು ಕವಲುಗಳ ಕ್ರಮದಲ್ಲಿಯೇ ಮರಳುತ್ತವೆ: ಮೊದಲು ಮಣಿಕಟ್ಟು, ಆಮೇಲೆ ಬೆರಳುಗಳು, ಆಮೇಲೆ ಹೆಬ್ಬೆರಳು. ಪ್ರತಿ ಭೇಟಿಯಲ್ಲಿ ಯಾವ ಸ್ನಾಯು ಹೊಸದಾಗಿ ಮಿಡುಕಿತು ಎಂಬುದನ್ನು ದಿನಾಂಕದೊಂದಿಗೆ ಬರೆದಿಡಬೇಕು. ಪಟ್ಟಿಯ ಕೊನೆಯಲ್ಲಿ ಬರುವುದು ಎಕ್ಸ್‌ಟೆನ್ಸರ್ ಇಂಡಿಸಿಸ್. ಮುಚ್ಚಿದ ಮುಷ್ಟಿಯಿಂದ ತೋರುಬೆರಳೊಂದೇ ಎದ್ದು ನಿಂತ ದಿನ ಆ ಕೈಯ ಕಡತವನ್ನು ಮುಚ್ಚಬಹುದು.